ಕಾಣದ ಲೋಕದ ಮುಖಗಳನ್ನು ಬರೆದವರು

"ಈಗಿನ ಚಿತ್ರಗಳಲ್ಲೇನಿದೆ, ಎಲ್ಲವನ್ನೂ ಕಂಪ್ಯೂಟರೇ ಬರೆದುಬಿಡುತ್ತದೆ" ಎಂಬ ಮಾತು ನಮ್ಮ ಸಂಘಗಳ ಕೂಟಗಳಲ್ಲಿ, ಲೋಕಲ್ ರೈಲಿನ ಡಬ್ಬಿಗಳಲ್ಲಿ ಆಗಾಗ ಕೇಳಿಬರುವುದುಂಟು. ರೆಕ್ಕೆ ಬಿಚ್ಚಿದ ಘಟಸರ್ಪ, ಮಂಜು ಮುಸುಕಿದ ಕೋಟೆಯ ಮುಂದೆ ಒಂಟಿಯಾಗಿ ನಿಂತ ಖಡ್ಗಧಾರಿಣಿ, ಎಲೆಯಂಥ ಕಿವಿಗಳ ವನವಾಸಿ ಇವರ ಚಿತ್ರಗಳನ್ನು ಮನೆಯ ಮಕ್ಕಳು ಫೋನಿನಲ್ಲಿ ತೋರಿಸಿದಾಗ ಹಿರಿಯರು ಒಂದು ಕ್ಷಣ ಬೆರಗಾಗಿ, ಮರುಕ್ಷಣವೇ ಮೇಲಿನ ಮಾತನ್ನಾಡಿ ಫೋನನ್ನು ಹಿಂದಿರುಗಿಸುತ್ತಾರೆ. ಈ ಮಾತು ಸುಮಾರು ಐವತ್ತು ವರ್ಷಗಳ ಕಾಲ ಶುದ್ಧ ಸುಳ್ಳಾಗಿತ್ತು. 2022ರ ನಂತರ ಅದರಲ್ಲಿ ಒಂದಿಷ್ಟು ನಿಜ ಸೇರಿಕೊಂಡಿತು. ಎಷ್ಟು ಸುಳ್ಳು, ಎಷ್ಟು ನಿಜ ಎಂಬುದನ್ನು ತಿಳಿಯಬೇಕಾದರೆ ಈ ಕಲೆ ನಡೆದುಬಂದ ದಾರಿಯನ್ನು ಕೊಂಚ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ನಾವೇನೂ ಕಲಾವಿಮರ್ಶಕರಲ್ಲ. ವಿಜ್ಞಾನದ ಪದವಿ ಪಡೆದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳಿಗೆ ಟಿಪ್ಪಣಿ ಬರೆಯುತ್ತ ಕಾಲ ಹಾಕುತ್ತಿರುವವರು. ಆದರೆ ನಲವತ್ತು ದಾಟಿದ ಮೇಲೂ, ರಾತ್ರಿ ಊಟವಾದ ನಂತರ ಸಾಧಾರಣ ಬೆಲೆಯ ಚಿತ್ರಫಲಕವೊಂದನ್ನು ಮುಂದಿಟ್ಟುಕೊಂಡು, ಇಂಥದೊಂದು ಪಾತ್ರವನ್ನು ನಾವೂ ಸೃಷ್ಟಿಸಬಲ್ಲೆವೇ ಎಂದು ಗೆರೆ ಎಳೆಯುವ ಚಪಲ ನಮಗಿದೆ. ನಮ್ಮ ಸಂಘದ ಮನೆಗಳಲ್ಲಿಯೂ ಈಗ ಹನ್ನೆರಡನೆಯ ತರಗತಿ ಮುಗಿಸಿದ ಒಬ್ಬಿಬ್ಬರು ಮಕ್ಕಳು ಇಂಜಿನಿಯರಿಂಗ್ ಬೇಡ, ಪಾತ್ರ ವಿನ್ಯಾಸ ಕಲಿಯುತ್ತೇವೆ ಎಂದು ಹಟ ಹಿಡಿದಿದ್ದಾರೆ. ಅವರ ತಂದೆತಾಯಿಗಳ ದಿಗಿಲೂ ನಮಗೆ ಅರ್ಥವಾಗುತ್ತದೆ. ಈ ಲೇಖನ ಅವರಿಬ್ಬರಿಗಾಗಿ.

ಮೊದಲು ಪಾತ್ರ ವಿನ್ಯಾಸ ಎಂದರೇನೆಂಬುದನ್ನು ಹೇಳಿಬಿಡೋಣ. ಕಥೆಗಾರ "ಒಬ್ಬ ರಾಕ್ಷಸನಿದ್ದ" ಎಂದು ಬರೆದು ಕೈತೊಳೆದುಕೊಳ್ಳಬಹುದು. ಆ ರಾಕ್ಷಸನ ಎತ್ತರವೆಷ್ಟು, ಭುಜ ಚೌಕವೋ ಇಳಿಜಾರೋ, ಕತ್ತಿಯನ್ನು ಸೊಂಟಕ್ಕೆ ಕಟ್ಟುತ್ತಾನೋ ಬೆನ್ನಿಗೋ, ನಡೆಯುವಾಗ ಕವಚದ ಯಾವ ಕೀಲು ಬಾಗುತ್ತದೆ ಎಂಬುದನ್ನೆಲ್ಲ ಯಾರಾದರೊಬ್ಬರು ನಿಶ್ಚಯಿಸಿ ಕಾಗದದ ಮೇಲೆ ಇಳಿಸಿದ ಹೊರತು ಚಲನಚಿತ್ರವೂ ಮುಂದೆ ಸಾಗದು, ವಿಡಿಯೋ ಆಟವೂ ಸಾಗದು. ಆ ಕಾಗದ ನೋಡಿ ದರ್ಜಿ ಉಡುಪು ಹೊಲಿಯುತ್ತಾನೆ, ಶಿಲ್ಪಿ ಅಚ್ಚು ತೆಗೆಯುತ್ತಾನೆ, ಇನ್ನೊಬ್ಬ ಅದಕ್ಕೆ ಚಲನೆ ಕೊಡುತ್ತಾನೆ. ಗೋಡೆಗೆ ತೂಗುಹಾಕಲೆಂದು ಬರೆದ ಚಿತ್ರ ಇದಲ್ಲ. ಇತರರು ಕೆಲಸ ಮಾಡಲೆಂದು ಬರೆದದ್ದು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಕರಡು ಟಿಪ್ಪಣಿ. ಕೊನೆಗೆ ಬೀಳುವ ಸಹಿ ಬೇರೆಯವರದು.

ಈ ವಿದ್ಯೆ ನಮ್ಮವರಿಗೆ ಅಪರಿಚಿತವೇನಲ್ಲ. ಯಕ್ಷಗಾನದ ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ತೆರೆಯ ಮೇಲಿಂದ ಇಣುಕಿದರೆ ಸಾಕು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ರಾಕ್ಷಸ ಬಂದನೆಂದು ತಿಳಿಯುತ್ತಾನೆ. ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಮುಳ್ಳುಗಳನ್ನು ಇಟ್ಟು ಆ ರೂಪವನ್ನು ಗೊತ್ತುಮಾಡಿದ ಮೊದಲಿಗ ಯಾರೋ, ಅವನ ಹೆಸರು ಮಾತ್ರ ಉಳಿದಿಲ್ಲ. ಚಂದಮಾಮ ಓದಿ ಬೆಳೆದ ನಮ್ಮ ತಲೆಮಾರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಸ್ಮಶಾನದ ದಾರಿಯಲ್ಲಿ ದೃಢವಾಗಿ ಹೆಜ್ಜೆಯಿಡುತ್ತಿರುವ ವಿಕ್ರಮ. ಆ ಚಿತ್ರದ ಬಣ್ಣವನ್ನೆಲ್ಲ ಅಳಿಸಿ ಬರಿಯ ಕಪ್ಪು ನೆರಳನ್ನು ಉಳಿಸಿದರೂ ಯಾವ ಭಾಷೆಯ ಮಗುವಾದರೂ ಅದು ವಿಕ್ರಮ-ಬೇತಾಳ ಎಂದು ಹೇಳಬಲ್ಲುದು. ನೆರಳಿನಿಂದಲೇ ಗುರುತು ಸಿಗಬೇಕು ಎಂಬುದು ಇಂದಿಗೂ ಪಾತ್ರ ವಿನ್ಯಾಸದ ಶಾಲೆಗಳಲ್ಲಿ ಹೇಳಿಕೊಡುವ ಪ್ರಥಮ ಪಾಠ. ಆ ಚಿತ್ರ ಬರೆದ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್, 1952ರಲ್ಲಿ ಮದರಾಸಿನ ಚಂದಮಾಮ ಕಾರ್ಯಾಲಯಕ್ಕೆ ಸೇರಿದವರು. 2020ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಅದರ ಮರುವರ್ಷ! ಅದೇ ಪತ್ರಿಕೆಯ ಮುಖಪುಟಗಳಿಗೆ ಮಹಾಭಾರತದ ಪಾತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ನಮ್ಮ ಮೈಸೂರು ಕಡೆಯವರು. ಮುಂದೆ ಬೆಂಗಳೂರಿಗೆ ಹಿಂದಿರುಗಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರೆಂಬುದನ್ನು ಹಿರಿಯ ಓದುಗರು ಬಲ್ಲರು.

ಆದರೆ ಇಂದು ಮಕ್ಕಳ ಫೋನುಗಳಲ್ಲಿ ಕಾಣುವ ಚಿತ್ರಗಳ ವಂಶಾವಳಿಯನ್ನು ಹುಡುಕಹೊರಟರೆ ಅಮೆರಿಕಕ್ಕೂ ಆಮೇಲೆ ಜಪಾನಿಗೂ ಹೋಗಬೇಕು. ಪಾತ್ರ ರೂಪಿಸುವುದನ್ನೇ ಪ್ರತ್ಯೇಕ ಇಲಾಖೆಯಾಗಿ ಮಾಡಿದ ಕೀರ್ತಿ ವಾಲ್ಟ್ ಡಿಸ್ನಿಯ ಸಂಸ್ಥೆಗೆ ಸಲ್ಲಬೇಕು. 1937ರಲ್ಲಿ 'ಸ್ನೋ ವೈಟ್' ತೆರೆಕಂಡ ಆಸುಪಾಸಿನ ವರ್ಷಗಳಲ್ಲಿ ಜೋ ಗ್ರ್ಯಾಂಟ್ ಎಂಬವರ ಮೇಲ್ವಿಚಾರಣೆಯಲ್ಲಿ ಅಲ್ಲೊಂದು ಪಾತ್ರ ವಿಭಾಗ ರೂಪುಗೊಂಡಿತು. ನೂರಾರು ಕೈಗಳು ಒಂದೇ ಪಾತ್ರವನ್ನು ಬರೆಯಬೇಕಾದಾಗ ಒಬ್ಬನ ಮೂಗು ಒಂದಂಗುಲ ಉದ್ದವಾಗಿ, ಇನ್ನೊಬ್ಬನದು ಗಿಡ್ಡವಾಗಿ ಬಂದರೆ ಆಭಾಸವಾಗುತ್ತದಲ್ಲವೇ? ಅದಕ್ಕಾಗಿ ಪಾತ್ರವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರೆದ ಮಾದರಿ ಹಾಳೆಗಳು ಬಂದವು. 1940ರ 'ಪಿನೋಕಿಯೋ' ಚಿತ್ರಕ್ಕಂತೂ ಜೇಡಿಮಣ್ಣಿನ ಪುಟ್ಟ ಬೊಂಬೆಗಳನ್ನೇ ಮಾಡಿ ಚಿತ್ರಕಾರರ ಮೇಜಿನ ಮೇಲೆ ಇಡುತ್ತಿದ್ದರು. ಯಾವ ಕೋನದಿಂದ ಬೇಕಾದರೂ ತಿರುಗಿಸಿ ನೋಡಲಿ ಎಂದು.

ಇನ್ನೊಂದು ಕವಲು ಅಗ್ಗದ ಕಾದಂಬರಿಗಳ ಮುಖಪುಟದ್ದು. ರಾಬರ್ಟ್ ಹೋವರ್ಡ್ ಎಂಬ ಟೆಕ್ಸಸ್‌ನ ಲೇಖಕ 1932ರಲ್ಲಿ ಕೋನನ್ ಎಂಬ ಕಾಡು ವೀರನನ್ನು ಸೃಷ್ಟಿಸಿ, ಮೂವತ್ತೇ ವರ್ಷ ಬದುಕಿ, 1936ರಲ್ಲಿ ತೀರಿಕೊಂಡ. ಕಥೆಗಳು ಮೂಲೆ ಸೇರಿದ್ದವು. 1966ರಲ್ಲಿ ಅವುಗಳ ಹೊಸ ಮುದ್ರಣಕ್ಕೆ ಫ್ರ್ಯಾಂಕ್ ಫ್ರಜೆಟ್ಟಾ ತೈಲವರ್ಣದಲ್ಲಿ ಮುಖಪುಟ ಬರೆದುಕೊಟ್ಟರು. ಹೆಣಗಳ ರಾಶಿಯ ಮೇಲೆ ಕತ್ತಿಯೂರಿ ನಿಂತ, ಗಾಯಗೊಂಡ, ಓದುಗನನ್ನೇ ದುರುಗುಟ್ಟುವ ಆಳು. ಅಲ್ಲಿಯವರೆಗಿನ ವೀರರು ಕ್ಷೌರ ಮಾಡಿಸಿಕೊಂಡು ಬಂದ ನಾಟಕದ ರಾಜರಂತಿದ್ದರು; ಇವನ ಮೈಯಲ್ಲಿ ಬೆವರು, ಕೆಸರು ಕಂಡಿತು. ಪುಸ್ತಕಗಳು ಕೈಬಿಸಿ ದೋಸೆಯಂತೆ ಖರ್ಚಾದವು. ಇಂದು ನಾವು ನೋಡುವ ಕಟ್ಟುಮಸ್ತು ಯೋಧರಲ್ಲಿ ಮುಕ್ಕಾಲು ಪಾಲು ಆ ಮುಖಪುಟದ ಮೊಮ್ಮಕ್ಕಳೇ. ಮುಪ್ಪಿನಲ್ಲಿ ಲಕ್ವ ಹೊಡೆದು ಬಲಗೈ ಸೋತಾಗ ಫ್ರಜೆಟ್ಟಾ ಎಡಗೈಯಲ್ಲಿ ಬರೆಯಲು ಕಲಿತರು. 2010ರಲ್ಲಿ ತೀರಿಕೊಂಡರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನಾಟ ಇಂಥ ಲೋಕಗಳಿಗೆ ಒಂದು ಜನಗಣತಿಯನ್ನೇ ಒದಗಿಸಿತು. ಯಾವ ಜೀವಿ ಎಲ್ಲಿ ವಾಸಿಸುತ್ತದೆ, ಎಷ್ಟು ಬಲ, ಏನು ತಿನ್ನುತ್ತದೆ ಎಂಬ ವಿವರಗಳೆಲ್ಲ ಅದರ ಪುಸ್ತಕಗಳಲ್ಲಿವೆ. ಅದರಲ್ಲಿ ತುಕ್ಕು ತಿನ್ನುವ ಒಂದು ಪ್ರಾಣಿಯೂ ಗೂಬೆ ಮುಖದ ಒಂದು ಕರಡಿಯೂ ಬರುತ್ತವೆ. ಅವುಗಳ ಮೂಲರೂಪ ಯಾವ ಪುರಾಣದಿಂದಲೂ ಬಂದದ್ದಲ್ಲ. ಹಾಂಗ್‌ಕಾಂಗ್‌ನಲ್ಲಿ ತಯಾರಾಗಿ ಚೀಲದಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ ಬಂದದ್ದು. ಡೈನೋಸಾರ್ ಎಂದು ಹೇಳಿ ಮಾರುತ್ತಿದ್ದ, ಯಾವ ಡೈನೋಸಾರನ್ನೂ ಹೋಲದ ಆ ಬೊಂಬೆಗಳನ್ನು ಗೈಗ್ಯಾಕ್ಸ್ ತಂದು ಮೇಜಿನ ಮೇಲಿಟ್ಟು ಹೆಸರು ಕೊಟ್ಟರು. ಕಲ್ಪನೆ ಎಲ್ಲಿಂದ ಚಿಗುರುತ್ತದೆಂದು ಹೇಳಬರುವುದಿಲ್ಲ.

ರಾಲ್ಫ್ ಮೆಕ್ವಾರಿಯವರ ಪ್ರಸಂಗ ನಮಗೆ ಬಹಳ ಮೆಚ್ಚಿಕೆಯಾದದ್ದು. ಅವರು ಬೋಯಿಂಗ್ ವಿಮಾನ ಸಂಸ್ಥೆಯಲ್ಲಿ ಯಂತ್ರಭಾಗಗಳ ಚಿತ್ರ ಬರೆಯುತ್ತಿದ್ದ ನೌಕರರಾಗಿದ್ದವರು. 1975ರಲ್ಲಿ ಜಾರ್ಜ್ ಲ್ಯೂಕಸ್ ಎಂಬ ಯುವ ನಿರ್ದೇಶಕ, ಇನ್ನೂ ಚಿತ್ರವಾಗದ 'ಸ್ಟಾರ್ ವಾರ್ಸ್' ಕಥೆಯ ಕೆಲವು ದೃಶ್ಯಗಳನ್ನು ಬರೆದುಕೊಡುವಂತೆ ಅವರನ್ನು ಕೇಳಿದರು. ಆಗಿನ ಕರಡಿನಲ್ಲಿ ಖಳನಾಯಕ ಡಾರ್ತ್ ವೇಡರ್ ಒಂದು ನೌಕೆಯಿಂದ ಇನ್ನೊಂದಕ್ಕೆ ಬಯಲು ಆಕಾಶವನ್ನು ದಾಟಿ ಬರಬೇಕಾಗಿತ್ತು. ಅಲ್ಲಿ ಗಾಳಿಯಿಲ್ಲ, ಉಸಿರಾಡುವುದು ಹೇಗೆ ಎಂದು ಮೆಕ್ವಾರಿ ಯೋಚಿಸಿ ಅವನ ಮುಖಕ್ಕೊಂದು ಉಸಿರಾಟದ ಮುಖವಾಡ ತೊಡಿಸಿದರು. ಮುಂದೆ ಆ ಮುಖವಾಡ ಎಂದೂ ಕಳಚಬಾರದ ಅಂಗವೇ ಆಯಿತು. ಅದರೊಳಗಿನ ಉಸಿರಿನ ಸದ್ದೇ ಆ ಪಾತ್ರದ ಹೆಗ್ಗುರುತಾಯಿತು. ಜಗತ್ತೇ ಬಲ್ಲ ಆ ಕಪ್ಪು ಮುಖ ಹುಟ್ಟಿದ್ದು ಒಬ್ಬ ತಾಂತ್ರಿಕ ಚಿತ್ರಕಾರನ ಕಚೇರಿ ಬುದ್ಧಿಯಿಂದ! ಚಿತ್ರಕ್ಕೆ ಹಣ ಹಾಕಲು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯವರನ್ನು ಒಪ್ಪಿಸಿದ್ದರಲ್ಲಿಯೂ ಮೆಕ್ವಾರಿಯವರ ಆ ಚಿತ್ರಗಳ ಪಾಲು ದೊಡ್ಡದು. 1977ರ ಮೇ ತಿಂಗಳಲ್ಲಿ ಅದು ಬಿಡುಗಡೆಯಾದದ್ದೂ, ನಂತರ ನಡೆದದ್ದೂ ಎಲ್ಲರಿಗೂ ತಿಳಿದ ವಿಷಯ.

ಇಲ್ಲಿಯವರೆಗೆ ಎಲ್ಲವೂ ಕಾಗದ, ಕುಂಚ, ಬಣ್ಣ. ಯಂತ್ರ ಪ್ರವೇಶಿಸಿದ್ದು ಎಲ್ಲಿ?

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯವಿತ್ತು. ಅಲ್ಲಿ ರಿಚರ್ಡ್ ಶೌಪ್ ಎಂಬ ತಂತ್ರಜ್ಞರು 1973ರಲ್ಲಿ 'ಸೂಪರ್‌ಪೇಂಟ್' ಎಂಬ ವ್ಯವಸ್ಥೆಯನ್ನು ಕಟ್ಟಿದರು. ಟಿ.ವಿ. ಪರದೆಯ ಮೇಲೆ ಬೆಳಕಿನ ಬಿಂದುಗಳನ್ನು ಅಡ್ಡಲಾಗಿ 640, ಉದ್ದಕ್ಕೆ 486 ಜೋಡಿಸಿ, ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಯಂತ್ರದ ಸ್ಮೃತಿಯಲ್ಲಿ ನೆನಪಿಟ್ಟುಕೊಳ್ಳುವ ಏರ್ಪಾಡು ಅದು. ಗುಣಿಸಿ ನೋಡಿದರೆ ಸುಮಾರು ಮೂರು ಲಕ್ಷ ಹನ್ನೊಂದು ಸಾವಿರ ಬಿಂದುಗಳು. ಒಮ್ಮೆಗೆ 256 ಬಣ್ಣ. ಇಂದಿನ ಸಾಧಾರಣ ಫೋನಿನ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಬಿಂದುಗಳಿರುತ್ತವೆ ಎಂಬುದನ್ನು ಹೋಲಿಕೆಗೆ ಹೇಳಬಹುದು. ಆದರೂ ಫಲಕದ ಮೇಲೆ ಲೇಖನಿ ಆಡಿಸಿದರೆ ಪರದೆಯ ಮೇಲೆ ಬಣ್ಣದ ಗೆರೆ ಮೂಡುತ್ತಿತ್ತು. ಬಣ್ಣದ ಬಟ್ಟಲುಗಳು ಪರದೆಯ ಅಂಚಿನಲ್ಲೇ ಇದ್ದವು. ಇಂದು ನಾವು ಬಳಸುವ ಚಿತ್ರ ತಂತ್ರಾಂಶಗಳ ಮೂಲ ಲಕ್ಷಣಗಳೆಲ್ಲ ಅಲ್ಲಿ ಹುಟ್ಟಿದ್ದವೆಂದರೆ ಉತ್ಪ್ರೇಕ್ಷೆಯಾಗದು. ಆಲ್ವಿ ರೇ ಸ್ಮಿತ್ ಎಂಬ ಗಣಿತಜ್ಞ ಇದರ ಮುಂದೆ ಕುಳಿತವರು ಏಳಲೇ ಇಲ್ಲ. ಆದರೆ ಜೆರಾಕ್ಸ್‌ನವರಿಗೆ ಕಚೇರಿಯ ದಾಖಲೆಗಳಿಗೆ ಕಪ್ಪು-ಬಿಳುಪೇ ಸಾಕೆನಿಸಿತು. ಬಣ್ಣದ ಗೊಡವೆ ಬೇಡವೆಂದು ಸ್ಮಿತ್‌ರನ್ನು ಕೈಬಿಟ್ಟರು. ಅವರು ನ್ಯೂಯಾರ್ಕ್ ಕಡೆಗೆ ಹೋಗಿ, ಅಲ್ಲಿ ಇನ್ನೂ ಹೆಚ್ಚಿನ ಬಣ್ಣಗಳ ಚಿತ್ರ ತಂತ್ರಾಂಶ ಬರೆದು, 1986ರಲ್ಲಿ ಪಿಕ್ಸರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಬೇಡವೆಂದವರು ಏನನ್ನು ಬಿಟ್ಟರೆಂಬುದು ಓದುಗರಿಗೆ ಬಿಟ್ಟದ್ದು.

ಇಂಥ ಯಂತ್ರಗಳು ಲಕ್ಷಗಟ್ಟಲೆ ಬೆಲೆಯವು. ಚಿತ್ರಕಾರನ ಕೈಗೆ ಎಟುಕುವಂಥವಲ್ಲ. 1980ರ ದಶಕದಲ್ಲಿ ಮನೆಮನೆಗೆ ಬಂದ ಕಂಪ್ಯೂಟರ್ ಚಿತ್ರವೆಂದರೆ ಜಪಾನಿನ ವಿಡಿಯೋ ಆಟಗಳದ್ದು. ಅಲ್ಲಿಯ ಬಡತನ ಹೇಳತೀರದು. 1981ರಲ್ಲಿ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ 'ಡಾಂಕಿ ಕಾಂಗ್' ಆಟಕ್ಕೆ ಒಬ್ಬ ನಾಯಕನನ್ನು ರೂಪಿಸಬೇಕಾಯಿತು. ಸಿಕ್ಕಿದ ಜಾಗ 16 ಚುಕ್ಕಿ, 16 ಸಾಲು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿಗೆ ಸರಿಯಾದ ಲೆಕ್ಕ! ಬಣ್ಣಗಳು ಮೂರೇ. ಅಷ್ಟರಲ್ಲಿ ತಲೆಗೂದಲನ್ನು ತೋರಿಸಲಾಗದು, ಹಾಗಾಗಿ ಟೊಪ್ಪಿಗೆ ಬಂತು. ಬಾಯಿ ಬರೆಯಲು ಜಾಗವಿಲ್ಲ, ಆದ್ದರಿಂದ ದಪ್ಪ ಮೂಗಿನ ಕೆಳಗೆ ಮೀಸೆ ಬಂತು. ಓಡುವಾಗ ತೋಳು ಬೀಸುವುದು ಮೈಯಿಂದ ಬೇರೆಯಾಗಿ ಕಾಣಬೇಕಲ್ಲ, ಅದಕ್ಕೆ ಅಂಗಿಗೊಂದು ಬಣ್ಣ, ಭುಜಕ್ಕೆ ಪಟ್ಟಿಯಿರುವ ಕೆಲಸದ ಚಲ್ಲಣಕ್ಕೆ ಇನ್ನೊಂದು ಬಣ್ಣ. ಇವನೇ ಮುಂದೆ ಮಾರಿಯೋ ಎಂದು ಹೆಸರಾದವನು. ಅವನ ಮೀಸೆಯಲ್ಲಿ ಹಾಸ್ಯವನ್ನೇ ಕಂಡವರು ಅದರ ಹಿಂದಿನ ಲೆಕ್ಕಾಚಾರವನ್ನೂ ಕಾಣಬೇಕು. ಚಿತ್ರ ಬರೆಯುವ ಆಸೆಯುಳ್ಳವರು ದೊಡ್ಡ ದೊಡ್ಡ ಘಟಸರ್ಪಗಳನ್ನು ಬರೆಯುವ ಮುನ್ನ, ಚೌಕುಳಿ ಪುಸ್ತಕದಲ್ಲಿ ಹದಿನಾರು ಮನೆ ಎಣಿಸಿ ಒಬ್ಬ ಮನುಷ್ಯನನ್ನು ನಿಲ್ಲಿಸಲು ಪ್ರಯತ್ನಿಸಿ ನೋಡಲಿ. ನಾವು ಪ್ರಯತ್ನಿಸಿದ್ದೇವೆ, ಸುಲಭವಲ್ಲ.

ಇದೇ ಬಗೆಯ ಇನ್ನೊಂದು ಕಥೆ 1986ರ 'ಡ್ರ್ಯಾಗನ್ ಕ್ವೆಸ್ಟ್' ಆಟದ್ದು. ಆಟ ರೂಪಿಸಿದ ಯೂಜಿ ಹೋರಿ, ಅತ್ಯಂತ ಕನಿಷ್ಠ ಶತ್ರುವೊಂದು ಬೇಕೆಂದು ಸಗಣಿ ಮುದ್ದೆಯಂಥ ಲೋಳೆಯ ಗುಡ್ಡೆಯೊಂದನ್ನು ಗೀಚಿಕೊಟ್ಟರು. ಚಿತ್ರಕಾರ ಅಕಿರಾ ತೋರಿಯಾಮ ಅದನ್ನು ನೋಡಿ, ನೀರಿನ ಹನಿಯಂಥ ನೀಲಿ ಆಕಾರ, ಎರಡು ದುಂಡು ಕಣ್ಣು, ಒಂದು ನಗುಬಾಯಿ ಬರೆದು ಹಿಂದಿರುಗಿಸಿದರು. ಅಸಹ್ಯವಾಗಬೇಕಿದ್ದ ಪ್ರಾಣಿ ಮಕ್ಕಳ ದಿಂಬಿನ ಬೊಂಬೆಯಾಯಿತು. ತೋರಿಯಾಮ 2024ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರನ್ನು ನೆನೆದವರಲ್ಲಿ ಈ ಹನಿಯನ್ನು ನೆನೆದವರೂ ಬಹಳ.

1987ರ ಡಿಸೆಂಬರಿನಲ್ಲಿ ಬಂದ 'ಫೈನಲ್ ಫ್ಯಾಂಟಸಿ' ಆಟದ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಅದರ ಪಾತ್ರಗಳನ್ನು ಬರೆದವರು ಯೋಶಿತಾಕಾ ಅಮಾನೊ. ಹದಿನೈದನೆಯ ವಯಸ್ಸಿಗೇ ಟೋಕಿಯೋದ ಚಲನಚಿತ್ರಾಲಯವೊಂದಕ್ಕೆ ಕೆಲಸಕ್ಕೆ ಸೇರಿದ ಕಲಾವಿದ. ಅವರ ಚಿತ್ರಗಳಲ್ಲಿ ಗೆರೆ ದಾರದಂತೆ ಅಲೆಯುತ್ತದೆ. ತೊಳೆದ ಬಣ್ಣ ತೆಳ್ಳಗೆ ಹರಿಯುತ್ತದೆ. ವೀರರ ಮುಖದಲ್ಲಿ ಹೆಣ್ಣಿನ ಲಾವಣ್ಯ, ರೇಶಿಮೆ ಮೇಲುವಸ್ತ್ರ ಗಾಳಿಯಲ್ಲಿ ತೇಲುತ್ತದೆ. ಇಂಥ ಚಿತ್ರವನ್ನು ಹದಿನಾರು ಚುಕ್ಕಿಯ ರಂಗೋಲಿಯೊಳಗೆ ಹಿಡಿಸುವುದು ಹೇಗೆ? ಆ ಕೆಲಸ ಬಿದ್ದದ್ದು ಸ್ಕ್ವೇರ್ ಸಂಸ್ಥೆಯ ಉದ್ಯೋಗಿ ಕಜುಕೊ ಶಿಬುಯಾ ಎಂಬ ಮಹಿಳೆಯ ಮೇಲೆ. ಅಮಾನೊ ಬರೆದ ಗೆರೆಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಟ್ಟರೆ ಪಾತ್ರವೇ ಹೋಗುತ್ತದೆ ಎಂದು ಒಂದೊಂದು ಬಿಂದುವಾಗಿ ತೀರ್ಮಾನಿಸಿ, ಆಟದ ಪರದೆಯ ಮೇಲೆ ಓಡಾಡುವ ಆ ಪುಟ್ಟ ರೂಪಗಳನ್ನು ಕೂರಿಸಿದವರು ಆಕೆ. ಆಟವಾಡಿದ ಲಕ್ಷಾಂತರ ಜನ ಗಂಟೆಗಟ್ಟಲೆ ನೋಡಿದ್ದು ಶಿಬುಯಾ ಕೂರಿಸಿದ ಬಿಂದುಗಳನ್ನು. ಹೆಸರು ಬಹುಕಾಲ ಓಡಿದ್ದು ಅಮಾನೊರದು. ಅಮಾನೊರ ಪ್ರತಿಭೆಯ ಬಗೆಗೆ ನಮಗೆ ಯಾವ ಸಂಶಯವೂ ಇಲ್ಲ. ಆದರೂ ಇಬ್ಬರಲ್ಲಿ ಕಷ್ಟದ ಕೆಲಸ ಯಾರದೆಂದು ಕೇಳಿದರೆ ನಮ್ಮ ಮತ ಆ ಮಹಿಳೆಗೆ.

ಇನ್ನು ಇಂದಿನ ರೀತಿಯ, ತೈಲವರ್ಣವನ್ನೇ ನಾಚಿಸುವ ಗಣಕ ಚಿತ್ರಗಳು ಸಾಧ್ಯವಾಗಬೇಕಾದರೆ ಎರಡು ವಸ್ತುಗಳು ಬೇಕಾಗಿದ್ದವು. ಒಂದು ಲೇಖನಿ, ಇನ್ನೊಂದು ಕಾಗದ.

ಲೇಖನಿಯನ್ನು ಕೊಟ್ಟದ್ದು 1983ರಲ್ಲಿ ಜಪಾನಿನಲ್ಲಿ ಆರಂಭವಾದ ವ್ಯಾಕಮ್ ಸಂಸ್ಥೆ. ಅದರ ಲೇಖನಿಗೆ ತಂತಿಯಿಲ್ಲ, ಒಳಗೆ ಬ್ಯಾಟರಿಯೂ ಇಲ್ಲ. ಪದವಿಯಲ್ಲಿ ಭೌತಶಾಸ್ತ್ರ ಓದಿದ್ದು ನಮಗೆ ಕಚೇರಿಯಲ್ಲಿ ಉಪಯೋಗಕ್ಕೆ ಬಾರದಿದ್ದರೂ ಇಲ್ಲಿ ಬಂತು. ಫಲಕದ ಕೆಳಗೆ ತಂತಿಯ ಸುರುಳಿಗಳ ಜಾಲವಿದ್ದು, ಅದು ಕ್ಷೀಣವಾದ ವಿದ್ಯುತ್ಕಾಂತ ಅಲೆಗಳನ್ನು ಹೊರಡಿಸುತ್ತದೆ. ಲೇಖನಿಯೊಳಗಿನ ಸುರುಳಿ ಮತ್ತು ಧಾರಕ ಸೇರಿ ಅನುರಣಿಸುವ ಮಂಡಲವಾಗಿ, ಆ ಅಲೆಯಿಂದಲೇ ಶಕ್ತಿ ಪಡೆದು ಮರುದನಿ ಕೊಡುತ್ತದೆ. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ಮಿಡಿಯುವುದಿಲ್ಲವೇ, ಹಾಗೆ. ಲೇಖನಿಯನ್ನು ಒತ್ತಿದಷ್ಟೂ ಅದರ ಶ್ರುತಿ ಚೂರು ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಯಂತ್ರ ಗೆರೆಯನ್ನು ದಪ್ಪವಾಗಿಯೋ ತೆಳ್ಳಗಾಗಿಯೋ ಮೂಡಿಸುತ್ತದೆ. ಅಂದರೆ ಮೊಣಕೈಯ ಭಾರ, ಮಣಿಕಟ್ಟಿನ ಅಳುಕು, ಬೆರಳಿನ ಧೈರ್ಯ ಎಲ್ಲವೂ ಮೊದಲಿನಂತೆಯೇ ಚಿತ್ರಕ್ಕೆ ಇಳಿಯುತ್ತವೆ. ಕಂಪ್ಯೂಟರೇ ಬರೆಯುತ್ತದೆ ಎನ್ನುವವರು ಈ ಲೇಖನಿ ಹಿಡಿದು ಒಂದು ದುಂಡನೆಯ ಸೊನ್ನೆ ಬರೆದು ತೋರಿಸಲಿ. ಅವರ ಸೊನ್ನೆ ಕಾಗದದ ಮೇಲೆ ಎಷ್ಟು ಸೊಟ್ಟವೋ ಪರದೆಯ ಮೇಲೂ ಅಷ್ಟೇ ಸೊಟ್ಟ.

ಕಾಗದದ ಕಥೆ ಒಂದು ಮನೆಯೊಳಗಿನದು. 1987ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನೋಲ್, ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸುವ ಚಿಕ್ಕದೊಂದು ತಂತ್ರಾಂಶ ಬರೆದ. ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನಾದ ಜಾನ್ ನೋಲ್, 'ಸ್ಟಾರ್ ವಾರ್ಸ್'ಗಾಗಿಯೇ ಲ್ಯೂಕಸ್ ಕಟ್ಟಿದ ಚಮತ್ಕಾರ ಚಿತ್ರಾಲಯದ ನೌಕರ; ಇದು ನಮ್ಮ ಕೆಲಸಕ್ಕೂ ಬರುತ್ತದಲ್ಲ ಎಂದು ಅದನ್ನು ಬೆಳೆಸಲು ಪ್ರೇರೇಪಿಸಿದ. 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆ ಅದನ್ನು 'ಫೋಟೋಶಾಪ್' ಎಂದು ಮಾರುಕಟ್ಟೆಗೆ ತಂದಿತು. 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳು ಬಂದವು: ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಕೆಳಗೆ ಆಕಾಶ, ನಡುವೆ ಕೋಟೆ, ಮೇಲೆ ಯೋಧ, ಯೋಧನ ಟೊಪ್ಪಿಗೆ ಬದಲಿಸಿದರೆ ಕೋಟೆಗೆ ಧಕ್ಕೆಯಿಲ್ಲ. ಮಾಡಿದ್ದನ್ನು ಹಲವು ಹೆಜ್ಜೆ ಹಿಂದಕ್ಕೆ ಹೋಗಿ ಅಳಿಸುವ ಸೌಲಭ್ಯ ಬಂದದ್ದು 1998ರಲ್ಲಿ. ಅದಕ್ಕೆ ಮುಂಚೆ ಒಂದೇ ಹೆಜ್ಜೆ. ಈ ನಡುವೆ 1991ರಲ್ಲಿ ಬಂದ 'ಪೇಂಟರ್' ಎಂಬ ಇನ್ನೊಂದು ತಂತ್ರಾಂಶವನ್ನು ನಿಜವಾದ ಬಣ್ಣದ ಡಬ್ಬಿಯಲ್ಲಿಟ್ಟೇ ಮಾರುತ್ತಿದ್ದರು. ವ್ಯಾಪಾರಿಗಳ ಹುಡುಗಾಟ ನೋಡಿ.

ಈ ಲೇಖನಿ, ಕಾಗದ ಎರಡನ್ನೂ ಹಿಡಿದು ಹೊಸ ದಾರಿ ತೆರೆದವರಲ್ಲಿ ಕ್ರೇಗ್ ಮಲಿನ್ಸ್ ಅಗ್ರಗಣ್ಯರು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಕೈಗಾರಿಕಾ ವಿನ್ಯಾಸ, ಚಿತ್ರಕಲೆ ಕಲಿತ ಅವರು 1990ರ ದಶಕದಲ್ಲಿ 'ಮ್ಯಾರಥಾನ್', ನಂತರ 'ಹೇಲೋ' ಮೊದಲಾದ ಆಟಗಳಿಗೆ ಬರೆದ ಚಿತ್ರಗಳನ್ನು ದೂರದಿಂದ ನೋಡಿದರೆ ಒಂದೊಂದು ಬಂಡೆಯ ಬಿರುಕೂ ಕಾಣುವಂತಿದೆ. ಹತ್ತಿರ ಹೋದರೆ ನಾಲ್ಕೇ ಬೀಸುಗೆರೆಗಳು. ಯಾವುದನ್ನು ಬರೆಯದೆ ಬಿಡಬೇಕೆಂಬ ವಿವೇಕ ತಂತ್ರಾಂಶದಲ್ಲಿ ಸಿಗುವುದಿಲ್ಲ. ಅವರನ್ನು ನೋಡಿ ಕಲಿತ ಒಂದು ತಲೆಮಾರೇ ಜಗತ್ತಿನ ಮೂಲೆಮೂಲೆಯಲ್ಲಿ ಬೆಳೆಯಿತು. ಹಾಗೆಂದು ಪೆನ್ಸಿಲು ಸಾಯಲಿಲ್ಲ. 2001ರಿಂದ 2003ರವರೆಗೆ ಬಂದ 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳ ಲೋಕವನ್ನು ಆಲನ್ ಲೀ, ಜಾನ್ ಹೋವ್ ಎಂಬ ಇಬ್ಬರು ಹಳೆಯ ಕ್ರಮದ ಚಿತ್ರಕಾರರು ಕಾಗದದ ಮೇಲೆಯೇ ಕಟ್ಟಿದರು. ಆ ಚಿತ್ರದ ಗೋಲಮ್ ಎಂಬ ಪಾತ್ರ ಪೂರ್ಣವಾಗಿ ಗಣಕದಲ್ಲಿ ಮೂಡಿದ್ದು. ಆದರೆ ನಟ ಆಂಡಿ ಸರ್ಕಿಸ್ ಬಂದ ಮೇಲೆ ಅವರ ಮುಖಭಾವಗಳಿಗೆ ಒಪ್ಪುವಂತೆ ಗೋಲಮ್‌ನ ಮುಖವನ್ನು ಮತ್ತೆ ರೂಪಿಸಿದರು. ಮೊದಲ ಭಾಗದಲ್ಲಿ ಕತ್ತಲಲ್ಲಿ ಮಿಂಚಿ ಮರೆಯಾಗುವ ಗೋಲಮ್‌ಗೂ ಎರಡನೆಯ ಭಾಗದ ಗೋಲಮ್‌ಗೂ ಇರುವ ವ್ಯತ್ಯಾಸವನ್ನು ಕಣ್ಣಿಟ್ಟು ನೋಡಿದವರು ಗುರುತಿಸಬಲ್ಲರು.

ಹೆಸರಿನ ವಿಷಯದಲ್ಲಿ ಒಂದು ಒಳ್ಳೆಯ ಪದ್ಧತಿಯನ್ನು ಇಲ್ಲಿ ಸ್ಮರಿಸಬೇಕು. 1993ರಲ್ಲಿ ಆರಂಭವಾದ 'ಮ್ಯಾಜಿಕ್' ಎಂಬ ಇಸ್ಪೀಟಿನಂಥ ಆಟದ ಪ್ರತಿಯೊಂದು ಎಲೆಯ ಮೇಲೂ ಒಂದು ಅದ್ಭುತ ಚಿತ್ರವಿದ್ದು, ಅದರ ಕೆಳಗೆ ಬರೆದವರ ಹೆಸರು ಅಚ್ಚಾಗಿರುತ್ತದೆ. ಎಷ್ಟೋ ಹುಡುಗರು ಚಿತ್ರಕಾರರಿಗೂ ಹೆಸರಿರುತ್ತದೆಂದು ಮೊದಲು ಅರಿತದ್ದು ಆ ಎಲೆಗಳಿಂದ. ಅಂಥ ಎಲೆಗಳಿಗೆ ಬರೆದವರಲ್ಲಿ ಪೋಲೆಂಡಿನ ಗ್ರೆಗ್ ರುಟ್ಕೋವ್ಸ್ಕಿಯೂ ಒಬ್ಬರು. ಹಳೆಯ ಯುರೋಪಿನ ತೈಲಚಿತ್ರಗಳ ಬೆಳಕು, ಬೆಂಕಿ ಉಗುಳುವ ಘಟಸರ್ಪ, ಕೆಳಗೆ ಇರುವೆಯಷ್ಟು ಯೋಧರು. ಇವು ಅವರ ಶೈಲಿ.

2022ರ ಆಗಸ್ಟ್‌ನಲ್ಲಿ 'ಸ್ಟೇಬಲ್ ಡಿಫ್ಯೂಷನ್' ಎಂಬ ತಂತ್ರಾಂಶ ಸಾರ್ವಜನಿಕರಿಗೆ ದೊರಕಿತು. ಬೇಕಾದ ಚಿತ್ರವನ್ನು ಮಾತಿನಲ್ಲಿ ವರ್ಣಿಸಿದರೆ ಕೆಲವು ಕ್ಷಣಗಳಲ್ಲಿ ಅದು ಚಿತ್ರವನ್ನು ಒಪ್ಪಿಸುತ್ತದೆ. ಅದನ್ನು ತರಬೇತುಗೊಳಿಸಲು ಬಳಸಿದ ಚಿತ್ರಗಳು ಐನೂರು ಕೋಟಿಗೂ ಮಿಕ್ಕಿದ ಒಂದು ಸಂಗ್ರಹದಿಂದ ಬಂದವು. ಅಂತರ್ಜಾಲದಿಂದ ಬಾಚಿ ತಂದವು. ಬರೆದವರನ್ನು ಯಾರೂ ಕೇಳಿರಲಿಲ್ಲ. ರುಟ್ಕೋವ್ಸ್ಕಿ ತಮ್ಮ ಚಿತ್ರಗಳಿಗೆ ಕುರುಡರಿಗೂ ಅರ್ಥವಾಗುವಂತೆ ಸ್ಪಷ್ಟವಾದ ವಿವರಣೆ ಬರೆದಿಡುತ್ತಿದ್ದರಂತೆ; ಆ ಸೌಜನ್ಯವೇ ಯಂತ್ರಕ್ಕೆ ಅನುಕೂಲವಾಯಿತೆಂದು ಹೇಳುತ್ತಾರೆ. ಕೆಲವೇ ವಾರಗಳಲ್ಲಿ, "ರುಟ್ಕೋವ್ಸ್ಕಿ ಶೈಲಿಯಲ್ಲಿ ಬರೆ" ಎಂಬ ಅಪ್ಪಣೆ ಸುಮಾರು 93,000 ಬಾರಿ ಕಂಡುಬಂದಿದೆಯೆಂದು ಆ ಸೆಪ್ಟೆಂಬರಿನಲ್ಲಿ ವರದಿಯಾಯಿತು. ಅವರ ಹೆಸರು ಹುಡುಕಿದರೆ ಅವರು ಬರೆಯದ ಚಿತ್ರಗಳೇ ಮೊದಲು ಬರತೊಡಗಿದವು. ಒಂದು ಜನ್ಮದಲ್ಲಿ ಯಾವ ಕೈಯೂ ಬರೆಯಲಾರದಷ್ಟು ಚಿತ್ರಗಳು, ಒಬ್ಬನ ಹೆಸರಿನಲ್ಲಿ, ಆತನಿಗೆ ಕಾಸೂ ಇಲ್ಲದೆ. ಇದೇ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಜಾತ್ರೆಯ ಕಲಾಸ್ಪರ್ಧೆಯಲ್ಲಿ 'ಮಿಡ್‌ಜರ್ನಿ' ಎಂಬ ಇಂಥದೇ ಯಂತ್ರದಿಂದ ಹೊರಟ ಚಿತ್ರಕ್ಕೆ ಗಣಕ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಬಂತು. 300 ಡಾಲರಿನ ಬಹುಮಾನಕ್ಕೆ ಜಗತ್ತೆಲ್ಲ ಗದ್ದಲ! ಮರುವರ್ಷ ಅಲ್ಲಿಯ ಕೃತಿಸ್ವಾಮ್ಯ ಕಚೇರಿ ಆ ಚಿತ್ರವನ್ನು ನೋಂದಾಯಿಸಲು ನಿರಾಕರಿಸಿತು.

ಡಿಸೆಂಬರಿನಲ್ಲಿ ಚಿತ್ರಕಾರರು ತಮ್ಮ ಕೃತಿಗಳನ್ನು ಪ್ರದರ್ಶಿಸುವ 'ಆರ್ಟ್‌ಸ್ಟೇಷನ್' ತಾಣದಲ್ಲಿ ತಂತಮ್ಮ ಚಿತ್ರಗಳ ಜಾಗದಲ್ಲಿ ಪ್ರತಿಭಟನೆಯ ಫಲಕವನ್ನು ಸಾಲುಸಾಲಾಗಿ ಏರಿಸಿದರು. 2023ರ ಜನವರಿಯಲ್ಲಿ ಸಾರಾ ಆಂಡರ್ಸನ್, ಕೆಲ್ಲಿ ಮೆಕರ್ನನ್, ಕಾರ್ಲಾ ಓರ್ಟಿಜ್ ಎಂಬ ಮೂವರು ಚಿತ್ರಕಾರರು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಇವರಲ್ಲಿ ಓರ್ಟಿಜ್ 2016ರ 'ಡಾಕ್ಟರ್ ಸ್ಟ್ರೇಂಜ್' ಚಿತ್ರಕ್ಕೆ ಪಾತ್ರ ರೂಪಿಸುವ ಕೆಲಸ ಮಾಡಿದವರು, ಅಂದರೆ ನಾವು ಮೇಲೆ ಹೇಳಿದ ಕರಡು ಟಿಪ್ಪಣಿಯ ವರ್ಗಕ್ಕೇ ಸೇರಿದವರು. ಯಂತ್ರದ ಪರ ವಹಿಸುವವರ ವಾದವೂ ಇದೆ: ಮಲಿನ್ಸ್‌ರನ್ನು ನೋಡಿ ಹುಡುಗರು ಕಲಿತಂತೆ ಯಂತ್ರವೂ ನೋಡಿ ಕಲಿಯಿತು, ತಪ್ಪೇನು ಎಂದು. ನಮಗೆ ಇದು ಒಪ್ಪಿಗೆಯಾಗದು. ಹುಡುಗ ನೋಡಿ ಕಲಿಯುವಷ್ಟರಲ್ಲಿ ಹತ್ತು ವರ್ಷ ಕಳೆಯುತ್ತದೆ; ಅಷ್ಟರಲ್ಲಿ ಅವನ ಕೈ ತನ್ನದೇ ಒಂದು ಓರೆಯನ್ನು ಕಲಿತಿರುತ್ತದೆ, ಗುರುವಿನ ಹೊಟ್ಟೆಗೂ ಹೊಡೆತ ಬೀಳುವುದಿಲ್ಲ. ಈ ದಾವೆಯಲ್ಲಿ 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಕೃತಿಸ್ವಾಮ್ಯದ ಆರೋಪಗಳು ವಿಚಾರಣೆಗೆ ಮುಂದುವರಿಯಬಹುದೆಂದು ಆದೇಶಿಸಿದರು.

ರುಟ್ಕೋವ್ಸ್ಕಿಯವರ ಮಟ್ಟಿಗೆ ನಡೆದದ್ದನ್ನು ಹೇಳಿ ಮುಗಿಸುತ್ತೇವೆ. 2022ರ ನವೆಂಬರಿನಲ್ಲಿ ಬಂದ ಆ ತಂತ್ರಾಂಶದ ಎರಡನೆಯ ಆವೃತ್ತಿಯಲ್ಲಿ ಅವರ ಹೆಸರು ಹೇಳಿದರೆ ಮೊದಲಿನಂತೆ ಅವರ ಶೈಲಿ ಮೂಡುತ್ತಿರಲಿಲ್ಲ. ಬಳಕೆದಾರರಲ್ಲಿ ಹಲವರು ಅವರಿಗಾಗಿ ಸಂತೋಷಪಡಲಿಲ್ಲ, ರೇಗಿದರು. 2023ರಲ್ಲಿ ಯಾರೋ ಅಜ್ಞಾತರು ಅವರ ಶೈಲಿಯನ್ನು ಮರಳಿ ತರಲೆಂದೇ ಬೇರೊಂದು ಪುಟ್ಟ ಸಾಧನವನ್ನು ಮಾಡಿ ಪುಕ್ಕಟೆ ಹಂಚಿದರು.